ಯುದ್ಧ ನೋಡುವವರು, ಭರ್ತಿಗೆ ನಿಂತವರು

2025ರ ಮೇ 8ರ ರಾತ್ರಿ ನಮ್ಮ ಟಿ.ವಿ. ವಾಹಿನಿಗಳು ಕರಾಚಿ ಬಂದರಿಗೆ ಬೆಂಕಿ ಹಚ್ಚಿದವು. ನೌಕಾಪಡೆ ಹಚ್ಚಿರಲಿಲ್ಲ, ಹಚ್ಚಿದ್ದು ವಾಹಿನಿಗಳೇ. ಸ್ಟುಡಿಯೊದೊಳಗೆ ಸೈರನ್ ಊದಿಸಿ, ಎಲ್ಲಿಯದೋ ಹಳೆಯ ವಿಡಿಯೊ ಓಡಿಸಿ, ಬೆಳಗಾಗುವುದರೊಳಗೆ ಅರ್ಧ ಪಾಕಿಸ್ತಾನ ಗೆದ್ದು ಕೊಟ್ಟವು. ಬೆಳಗಾದಾಗ ಕರಾಚಿ ಬಂದರು ಇದ್ದಲ್ಲೇ ಇತ್ತು. ತಪ್ಪಾಯಿತು ಎಂದವರು ಬೆರಳೆಣಿಕೆಯಷ್ಟು. ಉಳಿದವರು ಮರುದಿನದ ಯುದ್ಧಕ್ಕೆ ಮೇಕಪ್ ಮಾಡಿಕೊಂಡು ಕೂತರು.

ಆ ದಿನಗಳಲ್ಲಿ ಪಾಕಿಸ್ತಾನದ ಮೇಲೆ ಸೇನೆ ನಡೆಸಿದ ಕಾರ್ಯಾಚರಣೆಯ ಬಗ್ಗೆ ಮೇ 7ರ ಬೆಳಿಗ್ಗೆ ದೇಶಕ್ಕೆ ಮೊದಲು ವಿವರ ಕೊಟ್ಟವರಲ್ಲಿ ಒಬ್ಬರು ಕರ್ನಲ್ ಸೋಫಿಯಾ ಕುರೇಶಿ. ದಾಳಿ ನಡೆದದ್ದು ಒಂಬತ್ತು ಕಡೆ ಎಂದರು, ಗುರಿ ಯಾವುದು ಎಂದರು, ಎದ್ದು ಹೋದರು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅವರು ಬೆಳಗಾವಿ ಜಿಲ್ಲೆಯ ಸೊಸೆ, ಪತಿಯೂ ಸೇನೆಯ ಅಧಿಕಾರಿಯೇ, ಗೋಕಾಕ ತಾಲೂಕಿನ ಕೊಣ್ಣೂರಿನವರು. ವಾರ ಕಳೆಯುವುದರೊಳಗೆ ಆ ಕೊಣ್ಣೂರಿನ ಮನೆಯ ಮೇಲೆ ದಾಳಿಯಾಗಿದೆ ಎಂಬ ಸುಳ್ಳು ಸುದ್ದಿ ದೇಶದಾಚೆಯ ಯಾವುದೋ ಖಾತೆಯಿಂದ ಹುಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಅದು ಶುದ್ಧ ಸುಳ್ಳು ಎಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ಹೇಳಬೇಕಾಯಿತು, ಮನೆ ಮುಂದೆ ಪೊಲೀಸರನ್ನು ನಿಲ್ಲಿಸಬೇಕಾಯಿತು. ಅತ್ತ ಮಧ್ಯಪ್ರದೇಶದ ಸಚಿವ ವಿಜಯ್ ಶಾ, ಅದೇ ಅಧಿಕಾರಿಯನ್ನು ಉದ್ದೇಶಿಸಿ ವೇದಿಕೆಯ ಮೇಲೆ ಆಡಿದ ಮಾತಿಗೆ ಎಫ್‌ಐಆರ್ ದಾಖಲಿಸಿ ಎಂದು ಹೈಕೋರ್ಟ್ ತಾನಾಗಿಯೇ ಆದೇಶಿಸಿತು. ಕೋರ್ಟ್ ಹೇಳುವವರೆಗೂ ಯಾರಿಗೂ ನಾಚಿಕೆ ಆಗಿರಲಿಲ್ಲ ಎಂಬುದೇ ಅದರಲ್ಲಿನ ದೊಡ್ಡ ಸುದ್ದಿ.

ಸೈನಿಕ ಹೀಗೆ ಅಳೆದು ತೂಗಿ ಮಾತಾಡುವಾಗ ನಾಗರಿಕ ಬಾಯಿಗೆ ಬಂದದ್ದು ಕೂಗುತ್ತಾನೆ. ಇದು ಶಿಷ್ಟಾಚಾರ ಕೆಟ್ಟ ಕತೆಯಷ್ಟೇ ಅಲ್ಲ. ದೇಶದ ರಕ್ಷಣೆ ಎಂಬ ಅತ್ಯಂತ ದುಬಾರಿ, ಅತ್ಯಂತ ಗಂಭೀರ ಸಾರ್ವಜನಿಕ ವಿಷಯ ನಮ್ಮ ಕೈಯಿಂದ ಜಾರಿ ಮನರಂಜನೆಯ ಪಾಲಾಗಿದೆ. ಸದ್ದು ಹೆಚ್ಚಿದಷ್ಟೂ ಪ್ರಶ್ನೆಗಳು ಕಡಿಮೆಯಾಗಿವೆ. ಬೇರೆ ಊರುಗಳ ಮಾತು ಬಿಡಿ, ಬೆಳಗಾವಿಯಂಥ ಊರಿನಲ್ಲಿಯೂ ಇದೇ ಪಾಡು ಎಂಬುದು ಆತಂಕದ ವಿಷಯ.

ಯಾಕೆಂದರೆ ಬೆಳಗಾವಿಗೆ ಸೈನ್ಯ ಟಿ.ವಿ.ಯಲ್ಲಿ ಕಂಡದ್ದಲ್ಲ. 1768ರಲ್ಲಿ ಹುಟ್ಟಿದ ಪಡೆಯೊಂದರ ಪರಂಪರೆ ಹೊತ್ತ ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಇಲ್ಲೇ ಬೇರುಬಿಟ್ಟಿದೆ. ಸಾಂಬ್ರಾದಲ್ಲಿ ವಾಯುಪಡೆಯ ಯೋಧರ ತರಬೇತಿ ಶಾಲೆ ಇದೆ. 2023ರ ಡಿಸೆಂಬರ್‌ನಲ್ಲಿ ದೇಶದ ಮೊದಲ ಮಹಿಳಾ ಅಗ್ನಿವೀರವಾಯು ತಂಡದ 153 ಹೆಣ್ಣುಮಕ್ಕಳು ಅಲ್ಲಿಂದಲೇ ತರಬೇತಿ ಮುಗಿಸಿ ಹೊರಬಿದ್ದರು. ಕಮಾಂಡೊ ತರಬೇತಿ ಪಡೆಯಲು ದೇಶದ ಮೂಲೆಮೂಲೆಯಿಂದ ಸೈನಿಕರು ಈ ಊರಿಗೆ ಬರುತ್ತಾರೆ. ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ. ಖಾನಾಪುರ ತಾಲೂಕಿನ ತೋರಾಳಿಯಲ್ಲಿ ಸಿಆರ್‌ಪಿಎಫ್‌ನ ಕೋಬ್ರಾ ಪಡೆಗೆ ಕಾಡಿನ ಕಾದಾಟ ಕಲಿಸುವ ಶಾಲೆ ಇದೆ. ಬಸ್ತರಿನ ಕಾಡಿನಲ್ಲಿ ಇಂದು ಎಷ್ಟು ಹೆಣ ಬಿತ್ತು ಎಂಬ ಲೆಕ್ಕ ಸಂಜೆಯ ಸುದ್ದಿಯಲ್ಲಿ ಬರುತ್ತದಲ್ಲ, ಆ ಕಾಡಿಗೆ ಹೋಗುವವರ ಕಾಲು ಪಳಗುವುದು ನಮ್ಮ ಪಶ್ಚಿಮಘಟ್ಟದ ಇಳಿಜಾರಿನಲ್ಲಿ. ಕ್ಯಾಂಪಿನ ರಸ್ತೆಯಲ್ಲಿ ನಸುಕಿನಲ್ಲಿ ಬೂಟುಗಳ ತಾಳ, ಮಿಲಿಟರಿ ಮಹಾದೇವ ಗುಡಿಯಲ್ಲಿ ಸೋಮವಾರದ ಸಾಲು. ಇವು ಇಲ್ಲಿಯವರಿಗೆ ನೀರು ಕುಡಿದಷ್ಟು ಸಹಜ.

2008ರ ಡಿಸೆಂಬರ್‌ನಲ್ಲಿ ಚೀನಾದ ಸೈನಿಕರೂ ಇಲ್ಲಿಗೆ ಬಂದಿದ್ದರು. ‘ಹ್ಯಾಂಡ್ ಇನ್ ಹ್ಯಾಂಡ್’ ಹೆಸರಿನ ಜಂಟಿ ಸಮರಾಭ್ಯಾಸ. ನಮ್ಮವರ ಜತೆ ಇದೇ ಮಣ್ಣಿನಲ್ಲಿ ಉರುಳಾಡಿ, ಕೈಕುಲುಕಿ ಹೋದರು. ಹನ್ನೆರಡು ವರ್ಷ ತುಂಬುವ ಮೊದಲೇ, 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ಅದೇ ದೇಶದ ಸೈನಿಕರ ಜತೆ ಕೈಕೈ ಮಿಲಾಯಿಸಿ ನಮ್ಮ 20 ಮಂದಿ ಪ್ರಾಣ ಬಿಟ್ಟರು. ನೀತಿ ಎಷ್ಟು ಬೇಗ ಬುಡಮೇಲಾಗುತ್ತದೆ, ಅದರ ಬೆಲೆ ತೆರುವವರು ಯಾರು ಎಂಬುದನ್ನು ಬೆಳಗಾವಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೂ ಈ ಊರು ಕೇಳುವುದನ್ನು ಬಿಟ್ಟಿದೆ.

ಕೇಳಿದ್ದು ಒಮ್ಮೆ. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆ ಪ್ರಕಟಿಸಿದಾಗ. ಅದಕ್ಕೂ ಹಿಂದಿನ ಎರಡು ವರ್ಷ ಕೊರೊನಾ ಹೆಸರಿನಲ್ಲಿ ಸೇನೆಯ ಭರ್ತಿಯೇ ನಿಂತುಹೋಗಿತ್ತು. 2019-20ರಲ್ಲಿ 80 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡಿದ್ದ ಭೂಸೇನೆ ಮುಂದಿನ ಎರಡು ವರ್ಷ ಒಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಮೈದಾನದ ಓಟ ಗೆದ್ದು, ವೈದ್ಯಕೀಯ ಪರೀಕ್ಷೆ ದಾಟಿ, ಲಿಖಿತ ಪರೀಕ್ಷೆ ಇಂದು ನಾಳೆ ಎಂದು ಕಾದವರ ಮುಂದೆ ಒಂದು ದಿನ ಹೊಸ ಯೋಜನೆ ಬಂದು ನಿಂತಿತು. ನಾಲ್ಕು ವರ್ಷದ ಸೇವೆ, ಆಮೇಲೆ ನೂರಕ್ಕೆ 25 ಮಂದಿ ಮಾತ್ರ ಖಾಯಂ, ಹಳೆಯ ಆಯ್ಕೆಗಳೆಲ್ಲ ರದ್ದು. ಧಾರವಾಡದಲ್ಲಿ ಬೀದಿಗಿಳಿದ ಹುಡುಗರ ಮೇಲೆ ಲಾಠಿ ಬಿತ್ತು. ಜೂನ್ 20ರಂದು ಬೆಳಗಾವಿ ಬಂದ್‌ಗೆ ಕರೆ ಎಂಬ ಸಂದೇಶ ಹರಿದಾಡಿ ನಗರದ ತುಂಬ ಪೊಲೀಸರು ನಿಂತರು. ಅಷ್ಟೇ. ಕೇಸು ಬಿದ್ದವರಿಗೆ ಭರ್ತಿ ಇಲ್ಲ ಎಂಬ ಎಚ್ಚರಿಕೆ ಬಂದಮೇಲೆ ಹುಡುಗರು ಮನೆಗೆ ಹೋಗಿ ಮತ್ತೆ ಓಡಲು ಶುರು ಮಾಡಿದರು. 2023ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತಳ್ಳಿಹಾಕಿತು. ಕಾನೂನಿನ ದಾರಿ ಅಲ್ಲಿಗೆ ಮುಗಿಯಿತು. ಆದರೆ ಕಾನೂನಿಗೆ ಸರಿ ಎನಿಸಿದ್ದೆಲ್ಲ ನೀತಿಯಾಗಿಯೂ ಸರಿ ಎಂದು ಕೋರ್ಟ್ ಹೇಳುವುದಿಲ್ಲ, ಅದು ನಾವು ನೀವು ಆಡಬೇಕಾದ ಮಾತು. ಆ ಮಾತು ಮುಂದೆ ನಡೆಯಲೇ ಇಲ್ಲ.

ಖಾನಾಪುರ ರಸ್ತೆಗೆ ನಸುಕಿನ ಐದು ಗಂಟೆಗೆ ಹೋಗಿ ನೋಡಿ. ಪೀರನವಾಡಿ ದಾಟಿದಮೇಲೆ ರಸ್ತೆ ಬದಿಯಲ್ಲಿ ಹುಡುಗರ ಗುಂಪುಗಳು. ಕೆಲವರ ಕಾಲಲ್ಲಿ ಬೂಟು, ಕೆಲವರದು ಬರಿಗಾಲು. ಒಬ್ಬನ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರಾ ಅಂಕ, ಆಮೇಲಿನ ಒಂದೊಂದು ಸೆಕೆಂಡೂ ತುಟ್ಟಿ. ಬೇಲಿಗಂಬಕ್ಕೆ ಕಟ್ಟಿದ ಅಡ್ಡಪಟ್ಟಿಗೆ ಜೋತುಬಿದ್ದು ಹತ್ತು ಪುಲ್‌ಅಪ್ ಎಣಿಸುತ್ತಾರೆ, ಎಂಟಕ್ಕೆ ಕೈ ನಡುಗುತ್ತದೆ. ಒಂಬತ್ತು ಅಡಿ ಗುಂಡಿ ಹಾರುವ ಅಭ್ಯಾಸಕ್ಕೆ ಗದ್ದೆಯ ಬದುವೇ ಸಾಕು. ಎದೆ ಉಬ್ಬಿಸಿದರೆ 5 ಸೆಂಟಿಮೀಟರ್ ಹಿಗ್ಗಬೇಕು ಎಂದು ಟೇಪು ಹಿಡಿದು ಒಬ್ಬರೊಬ್ಬರ ಎದೆ ಅಳೆದುಕೊಳ್ಳುತ್ತಾರೆ. ಅವರಲ್ಲಿ ಕನ್ನಡದ ಮನೆಯವರಿದ್ದಾರೆ, ಮರಾಠಿ ಮನೆಯವರಿದ್ದಾರೆ. ಗಡಿಯ ಜಗಳ ಹಚ್ಚುವ ನಾಯಕರು ಆ ಹೊತ್ತಿಗೆ ಇನ್ನೂ ಎದ್ದಿರುವುದಿಲ್ಲ.

2023ರಿಂದ ಓಟಕ್ಕಿಂತ ಮೊದಲು ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಗೆಲ್ಲಬೇಕು. ಆಧುನಿಕ ಸೇನೆಗೆ ತಲೆ ಓಡುವ ಹುಡುಗರು ಬೇಕು ಎಂಬ ವಾದ ತಪ್ಪಲ್ಲ. ಈಚೆಗೆ ಆ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು ಎಂಬುದು ಒಳ್ಳೆಯ ಬದಲಾವಣೆ, ಅದನ್ನು ಒಪ್ಪೋಣ. ಆದರೆ ಭೀಮಗಡದ ಕಾಡೊಳಗಿನ ಆಮಗಾಂವ, ಗವಾಳಿ, ಪಾಸ್ತೋಳಿಗಳ ಹುಡುಗ ಅರ್ಜಿ ಹಾಕಲಿಕ್ಕೂ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಇಳಿಯಬೇಕು. ಆಮಗಾಂವ ಯಾವ ಊರು? 2024ರ ಜುಲೈ ಮಳೆಯಲ್ಲಿ ಕಾಯಿಲೆ ಬಿದ್ದ ಹೆಣ್ಣುಮಗಳನ್ನು ಊರವರು ಹೆಗಲ ಮೇಲೆ ಹೊತ್ತು ಮೈಲಿಗಟ್ಟಲೆ ನಡೆದು ಆಸ್ಪತ್ರೆಗೆ ಸಾಗಿಸಬೇಕಾದ ಊರು. ಅಂಥ ಊರಿಗೆ ಸರ್ಕಾರದ ಮುಖ ಕಾಣುತ್ತಿದ್ದದ್ದೇ ರಜೆಗೆ ಬಂದ ಸೈನಿಕನ ರೂಪದಲ್ಲಿ.

ಮಿಲ್ಟ್ರಿ ನೌಕರಿ ಎಂದರೆ ಈ ಭಾಗದ ಹಳ್ಳಿಗಳಲ್ಲಿ ಏನಾಗಿತ್ತು ಎಂಬುದನ್ನು ದೆಹಲಿಯ ಲೆಕ್ಕಪತ್ರ ಹೇಳುವುದಿಲ್ಲ. ಹದಿನೆಂಟಕ್ಕೆ ಸೇರಿದವನು ಹದಿನೈದು ವರ್ಷ ತುಂಬಿಸಿದರೆ ಪೆನ್ಷನ್ ಖಾಯಂ. ಮೂವತ್ತೈದು ನಲ್ವತ್ತರ ಹೊತ್ತಿಗೆ ಊರಿಗೆ ಬಂದು ಮಂಗಳೂರು ಹೆಂಚಿನ ಮನೆ ತೆಗೆದು ತಾರಸಿ ಹಾಕಿಸುತ್ತಿದ್ದ, ತಂಗಿಯ ಮದುವೆ ಮಾಡುತ್ತಿದ್ದ, ಮಗಳನ್ನು ಬೆಳಗಾವಿಯ ಕಾಲೇಜಿಗೆ ಹಾಕುತ್ತಿದ್ದ. ಪಂಚಾಯಿತಿ ಕಟ್ಟೆಯಲ್ಲಿ ಅವನ ಮಾತಿಗೆ ತೂಕ. ಗಾಳಿಸುದ್ದಿ ಬಂದರೆ ‘ಹಂಗೇನಿಲ್ಲ, ಸುಮ್ಮಕಿರ್ರಿ’ ಎನ್ನಲು ಒಬ್ಬ ಬಲ್ಲವನು ಇರುತ್ತಿದ್ದ. ಅಗ್ನಿಪಥದಡಿ ಸೇರಿ ನಾಲ್ಕು ವರ್ಷಕ್ಕೆ ಮರಳುವ ಅಗ್ನಿವೀರನಿಗೆ ಸಿಗುವುದು ಸೇವಾನಿಧಿಯ ಸುಮಾರು 11.71 ಲಕ್ಷ ರೂಪಾಯಿ. ಅದರಲ್ಲಿ ಅರ್ಧದಷ್ಟು ಅವನದೇ ಸಂಬಳದಿಂದ ತಿಂಗಳಿಗೆ ಶೇಕಡ 30ರಂತೆ ಹಿಡಿದ ಹಣ. ಮೊದಲ ವರ್ಷ ಸಂಬಳ 30 ಸಾವಿರ, ಕೈಗೆ ಬರುವುದು 21 ಸಾವಿರ. ಪೆನ್ಷನ್ ಇಲ್ಲ, ಸೈನಿಕರ ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯ ಇಲ್ಲ, ಮಾಜಿ ಸೈನಿಕ ಎಂಬ ಹೆಸರೂ ಇಲ್ಲ.

ಯೋಜನೆಯ ಪರ ಹೇಳಲು ಏನೂ ಇಲ್ಲವೆಂದಲ್ಲ. ಸೇನೆಯ ಸರಾಸರಿ ವಯಸ್ಸು 32ರ ಆಸುಪಾಸು ಇದೆ, ಅದನ್ನು 26ಕ್ಕೆ ಇಳಿಸಬೇಕು ಎಂಬುದು ಕಾರ್ಗಿಲ್ ಶಿಖರಗಳನ್ನು ಹತ್ತಿ ಬಂದವರೇ ಒಪ್ಪುವ ಮಾತು. ಪೆನ್ಷನ್ ಹೊರೆಯೂ ಸುಳ್ಳಲ್ಲ. 2025-26ರ ರಕ್ಷಣಾ ಬಜೆಟ್ಟಿನ 6.81 ಲಕ್ಷ ಕೋಟಿ ರೂಪಾಯಿಯಲ್ಲಿ 1.60 ಲಕ್ಷ ಕೋಟಿ ಪೆನ್ಷನ್ನಿಗೇ ಮೀಸಲಾಗಿತ್ತು, ಹೊಸ ಶಸ್ತ್ರಾಸ್ತ್ರ ಮತ್ತಿತರ ಬಂಡವಾಳ ವೆಚ್ಚಕ್ಕೆ ಸಿಕ್ಕಿದ್ದು 1.80 ಲಕ್ಷ ಕೋಟಿ. ಡ್ರೋನ್ ಕೊಳ್ಳುವುದೋ ಪೆನ್ಷನ್ ಕೊಡುವುದೋ ಎಂಬ ಇಕ್ಕಟ್ಟು ನಿಜವಾದದ್ದು. ಆದರೆ ಇಕ್ಕಟ್ಟು ನಿಜವಾದರೆ ಅದನ್ನು ಜನರ ಮುಂದಿಟ್ಟು ಹೇಳಬೇಕಿತ್ತು. ಸಂಸತ್ತಿನಲ್ಲಿ ಮೊದಲೇ ಚರ್ಚೆಯಾಗಬೇಕಿತ್ತು. ಪ್ರಕಟಣೆ ಮೊದಲು, ಗಲಾಟೆ ಆಮೇಲೆ, ವಯೋಮಿತಿ ಸಡಿಲಿಕೆ ಅದಕ್ಕೂ ಆಮೇಲೆ. ಈ ಕ್ರಮದಲ್ಲಿ ದೇಶದ ರಕ್ಷಣಾ ನೀತಿ ಮಾಡಲಾಗದು.

ಇನ್ನೊಂದು ಗಂಟು ಬಿಚ್ಚದೆ ಉಳಿದಿದೆ. ಯುದ್ಧ ಬದಲಾಗುತ್ತಿರುವ ದಿಕ್ಕು ಒಂದು, ಸೈನಿಕನನ್ನು ತಯಾರಿಸುವ ಕ್ರಮ ಹೋಗುತ್ತಿರುವ ದಿಕ್ಕು ಇನ್ನೊಂದು. 2025ರ ಮೇ ತಿಂಗಳ ಆ ನಾಲ್ಕು ದಿನಗಳಲ್ಲಿ ಪದಾತಿ ಸೈನಿಕರು ಗಡಿ ದಾಟಲಿಲ್ಲ. ಕ್ಷಿಪಣಿಗಳು ದಾಟಿದವು, ಹಾರಿಹೋಗಿ ಗುರಿ ಹುಡುಕಿ ಅದರ ಮೇಲೆ ತಾವೇ ಬೀಳುವ ಸ್ಕೈಸ್ಟ್ರೈಕರ್‌ಗಳು ದಾಟಿದವು. ಅವು ಬೆಂಗಳೂರಿನಲ್ಲೇ ತಯಾರಾಗುವಂಥವು. ಮೇ 8ರ ರಾತ್ರಿ, ವಾಹಿನಿಗಳು ಕರಾಚಿ ಸುಡುತ್ತಿದ್ದ ಅದೇ ಹೊತ್ತಿನಲ್ಲಿ, ಪಾಕಿಸ್ತಾನ ಕಳಿಸಿದ 300-400 ಡ್ರೋನುಗಳು ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆ ನಮ್ಮ ಆಕಾಶಕ್ಕೆ ನುಗ್ಗಿದವು. ಅವನ್ನು ಕೆಡವಿದ ಶಸ್ತ್ರಗಳಲ್ಲಿ ಬಿಇಎಲ್ ಹೊಸ ಕಣ್ಣು ಕೂಡಿಸಿಕೊಟ್ಟ ಹಳೆಯ ಎಲ್-70 ತೋಪುಗಳೂ ಇದ್ದವು. ಅರ್ಧ ಶತಮಾನ ದಾಟಿದ ತೋಪು, ಹೊಸ ರೇಡಾರ್, ಅದರ ಹಿಂದೆ ಕೂತ ಪಳಗಿದ ಕೈ. ಪಳಗಿದ ಕೈ ಎಂಬಲ್ಲಿ ಒತ್ತಿ ಓದಿ. ಅದಾದಮೇಲೆ, ಜುಲೈ 26ರಂದು ಸೇನಾ ಮುಖ್ಯಸ್ಥರು ಪ್ರತಿ ಪದಾತಿ ಬೆಟಾಲಿಯನ್ನಿಗೂ ಒಂದು ಡ್ರೋನ್ ತುಕಡಿ ಇರಲಿದೆ ಎಂದು ಪ್ರಕಟಿಸಿದರು. ಬೆಳಗಾವಿಯಲ್ಲಿ ತರಬೇತಾದ ಮರಾಠಾ ಬೆಟಾಲಿಯನ್ನುಗಳಿಗೂ ಅದು ಅನ್ವಯಿಸುತ್ತದೆ. ಹಾಗಾದರೆ ಏಳೆಂಟು ತಿಂಗಳಲ್ಲಿ ಕವಾಯತು, ಬಂದೂಕು, ನಕಾಶೆ ಕಲಿತ ಹುಡುಗ ಡ್ರೋನು, ಜ್ಯಾಮರು, ರೇಡಿಯೊ ತರಂಗ ಎಲ್ಲ ಕಲಿತು ಕೈಕೂಡಿಸಿಕೊಳ್ಳುವ ಹೊತ್ತಿಗೆ ನಾಲ್ಕು ವರ್ಷ ಮುಗಿದಿರುತ್ತದೆ. ನಾಲ್ವರಲ್ಲಿ ಮೂವರು ಮನೆಗೆ. ಕಲಿಸಿದ್ದಕ್ಕೆ ಹಾಕಿದ ದುಡ್ಡು, ಕಲಿತದ್ದರ ಫಲ ಎರಡೂ ಯಾರ ಲೆಕ್ಕಕ್ಕೆ? ಸೇನೆಯಲ್ಲಿ ಅಧಿಕಾರಿ ದರ್ಜೆಯ ಕೆಳಗಿನ 90 ಸಾವಿರಕ್ಕೂ ಹೆಚ್ಚು ಜಾಗ ಖಾಲಿ ಇವೆ ಎಂದು ಸಂಸದೀಯ ಸ್ಥಾಯಿ ಸಮಿತಿಯ ಮುಂದೆ ಸರ್ಕಾರವೇ ಒಪ್ಪಿಕೊಂಡಿರುವಾಗ ಈ ಪ್ರಶ್ನೆ ಕೇಳದಿರುವುದು ಹೇಗೆ?

ಪ್ರಶ್ನೆ ಕೇಳುವುದೇ ದ್ರೋಹ ಎಂಬ ವಾತಾವರಣವನ್ನು ನಾವಾಗಿ ಕಟ್ಟಿಕೊಂಡಿದ್ದೇವೆ. ಹಿಂದೆ ಹೀಗಿರಲಿಲ್ಲ. ಕಾರ್ಗಿಲ್ ಯುದ್ಧ ಮುಗಿದ ಮೂರೇ ದಿನಕ್ಕೆ, 1999ರ ಜುಲೈ 29ರಂದು, ವಾಜಪೇಯಿ ಸರ್ಕಾರ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ನೇಮಿಸಿತು. ನಮ್ಮ ಬೇಹುಗಾರಿಕೆ ಎಲ್ಲಿ ಮುಗ್ಗರಿಸಿತು ಎಂದು ಅದು ಬಿಡಿಸಿ ಬರೆಯಿತು, ಮರುವರ್ಷ ಫೆಬ್ರುವರಿಯಲ್ಲಿ ವರದಿ ಸಂಸತ್ತಿನ ಮುಂದೆ ಬಂತು, ಗುಪ್ತವಾಗಿರಬೇಕಾದಷ್ಟು ಭಾಗ ಬಿಟ್ಟು ಉಳಿದದ್ದನ್ನು ಯಾರು ಬೇಕಾದರೂ ಓದಬಹುದಿತ್ತು. ಸೇನೆಯ ಗೌರವ ಅದರಿಂದ ಕುಂದಲಿಲ್ಲ. ಈ ಸಲ? ನಮ್ಮ ವಿಮಾನಗಳಿಗೆ ಮೊದಲ ದಿನ ನಷ್ಟವಾಯಿತು, ತಂತ್ರದ ತಪ್ಪು ಸರಿಪಡಿಸಿಕೊಂಡು ಮತ್ತೆ ಹಾರಿದೆವು ಎಂಬ ಪ್ರಾಮಾಣಿಕ ಮಾತನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಹೇಳಿದರು. ಹೇಳಿದ್ದು ಮೇ 31ರಂದು, ಸಿಂಗಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಗೆ. ಜುಲೈ ಕೊನೆಯಲ್ಲಿ ಸಂಸತ್ತಿನಲ್ಲಿ ಚರ್ಚೆ ನಡೆಯಿತು, ನಿಜ. ಅಲ್ಲಿ ಹಾರಿದ ಮಾತುಗಳಲ್ಲಿ ಯುದ್ಧವಿಮಾನಕ್ಕಿಂತ ನೆಹರೂ ಹೆಸರು ಹೆಚ್ಚು ಕೇಳಿಸಿತು. ಪರಿಶೀಲನಾ ಸಮಿತಿ ಎಂಬುದು ವಿರೋಧ ಪಕ್ಷದ ಬೇಡಿಕೆಯಾಗಿಯೇ ಉಳಿಯಿತು, ಆ ಬೇಡಿಕೆಯೂ ಮೆಲ್ಲಗೆ ಮರೆಯಾಯಿತು.

2024ರ ಡಿಸೆಂಬರ್ 24ರಂದು ಪೂಂಛ್‌ನ ಬಲ್ನೋಯಿ ಬಳಿ ಸೇನೆಯ ವಾಹನ ಕಂದಕಕ್ಕೆ ಉರುಳಿ 11ನೇ ಮರಾಠಾ ಲಘು ಪದಾತಿ ಬೆಟಾಲಿಯನ್ನಿನ ಐವರು ತೀರಿಕೊಂಡರು. ಐವರಲ್ಲಿ ಮೂವರು ಕರ್ನಾಟಕದವರು, ಒಬ್ಬರು ಬೆಳಗಾವಿ ತಾಲೂಕಿನ ಸುಬೇದಾರರು. ಶವಪೆಟ್ಟಿಗೆ ಬಂತು, ತ್ರಿವರ್ಣ ಬಂತು, ಗಣ್ಯರು ಬಂದರು, ಮರುದಿನ ಪತ್ರಿಕೆಗಳಲ್ಲಿ ಅಳುವ ಮುಖಗಳ ಚಿತ್ರ ಬಂತು. ಮೂರನೆಯ ದಿನ ಏನೂ ಇಲ್ಲ. ಗುಡ್ಡದ ಆ ದಾರಿಗಳು ಯಾಕೆ ಹಾಗಿವೆ, ಗುಂಡು ತಗಲದೆ ಸಾಯುವ ಸೈನಿಕರು ವರ್ಷಕ್ಕೆ ಎಷ್ಟು ಎಂದು ಕೇಳಿದವರನ್ನು ಕಾಣೆವು.

ಈಗ ಅದೇ ವಾಹನದಲ್ಲಿ ಒಬ್ಬ ಖಾಯಂ ಸಿಪಾಯಿ, ಅವನ ಪಕ್ಕ ಒಬ್ಬ ಅಗ್ನಿವೀರ ಕೂತಿದ್ದಾರೆ ಎಂದು ಇಟ್ಟುಕೊಳ್ಳಿ. ಒಂದೇ ಬೆಟಾಲಿಯನ್, ಒಂದೇ ಸಮವಸ್ತ್ರ, ಒಂದೇ ಕಂದಕ. ಸಿಪಾಯಿಯ ಹೆಂಡತಿಗೆ ಬದುಕಿರುವವರೆಗೆ ಕುಟುಂಬ ಪಿಂಚಣಿ. ಅಗ್ನಿವೀರನ ತಾಯಿಗೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರಧನ, ಉಳಿದ ಅವಧಿಯ ಸಂಬಳ, ಸೇವಾನಿಧಿ. ಒಟ್ಟು ಮೊತ್ತ ಚಿಕ್ಕದಲ್ಲ, ಕೋಟಿ ಮೀರುತ್ತದೆ. ತಿಂಗಳ ಪಿಂಚಣಿ ಮಾತ್ರ ಇಲ್ಲ. ಇಡಿಗಂಟು ಹಳ್ಳಿಯ ಮನೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ, ಅದರ ಸುತ್ತ ಎಷ್ಟು ಕೈ ಸೇರುತ್ತವೆ ಎಂಬುದು ನಮ್ಮೆಲ್ಲರಿಗೂ ಗೊತ್ತು. ಇಬ್ಬರ ಮನೆಗೂ ಒಂದೇ ಸೌಲಭ್ಯ ಕೊಡಿ ಎಂದು ಸಂಸದೀಯ ಸ್ಥಾಯಿ ಸಮಿತಿಯೇ ಶಿಫಾರಸು ಮಾಡಿದೆ. ಬೆಳಗಾವಿ, ಚಿಕ್ಕೋಡಿ, ಉತ್ತರ ಕನ್ನಡದ ಸಂಸದರು ಯಾವ ಪಕ್ಷದವರಾದರೂ ಆಗಲಿ, ಈ ಒಂದು ವಾಕ್ಯದ ಶಿಫಾರಸಿನ ಬೆನ್ನು ಹತ್ತಬೇಕು. ಖಾನಾಪುರ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ ಎಂಬುದನ್ನು ಅಲ್ಲಿಯ ಸಂಸದರಿಗೆ ಆಗಾಗ ನೆನಪು ಮಾಡಿಕೊಡಬೇಕಾಗುತ್ತದೆ.

ಭರ್ತಿಯ ಹಸಿವು ಎಷ್ಟಿದೆ ಎಂಬುದು ತಿಳಿಯಬೇಕಾದರೆ 2024ರ ನವೆಂಬರ್ ನೆನೆಯಬೇಕು. ಪ್ರಾದೇಶಿಕ ಸೇನೆಯ ಕೆಲವೇ ಹುದ್ದೆಗಳ ಭರ್ತಿಗೆ ಬೆಳಗಾವಿಗೆ ಹೊರರಾಜ್ಯಗಳಿಂದಲೂ ಹುಡುಗರು ಹರಿದುಬಂದರು. ನೂಕುನುಗ್ಗಲಾಗಿ ಪೊಲೀಸರು ಲಾಠಿ ಬೀಸಿದರು. ದೇಶಕ್ಕಾಗಿ ಪ್ರಾಣ ಕೊಡುತ್ತೇನೆ ಎಂದು ಬಂದವನಿಗೆ ದೇಶ ಮೊದಲು ಕೊಟ್ಟದ್ದು ಬೆನ್ನಿನ ಮೇಲಿನ ಬಾಸುಂಡೆ. ವಿಡಿಯೊ ಎಲ್ಲರೂ ನೋಡಿದರು, ಫಾರ್ವರ್ಡ್ ಮಾಡಿದರು. ಅಷ್ಟು ಜನ ಬರುತ್ತಾರೆಂದು ಗೊತ್ತಿದ್ದೂ ಯಾಕೆ ದಿನ, ಜಿಲ್ಲೆ ಹಂಚಿ ಕರೆಯಲಿಲ್ಲ, ಕುಡಿಯುವ ನೀರು, ಮಲಗುವ ಜಾಗ ಯಾರ ಹೊಣೆ ಎಂಬ ಉತ್ತರ ಯಾರಿಂದಲೂ ಬರಲಿಲ್ಲ.

ಮುಂದಿನದಕ್ಕಾದರೂ ಉತ್ತರ ಬೇಕು, ಯಾಕೆಂದರೆ ದಿನಾಂಕ ಗೊತ್ತಿದೆ. ಅಗ್ನಿವೀರರ ಮೊದಲ ತಂಡಗಳು ತರಬೇತಿ ಕೇಂದ್ರಗಳಿಗೆ ಬಂದಿಳಿದದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ 2026ರ ಡಿಸೆಂಬರಿನ ಹೊತ್ತಿಗೆ ತುಂಬತೊಡಗುತ್ತದೆ. ಡಿಸೆಂಬರ್ ಎಂದರೆ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವ ತಿಂಗಳು. ರಾಜ್ಯ ಸರ್ಕಾರ ಆ ಅಧಿವೇಶನದಲ್ಲಿ ಸದನದ ಮುಂದೆ ಇಡಬೇಕಾದದ್ದು ಭಾಷಣವಲ್ಲ, ಒಂದು ಪಟ್ಟಿ. ಬೆಳಗಾವಿ ಜಿಲ್ಲೆಯಿಂದ ಹೋದ ಅಗ್ನಿವೀರರು ಎಷ್ಟು, ಖಾನಾಪುರ ತಾಲೂಕಿನವರೆಷ್ಟು, ಖಾಯಂ ಆದವರೆಷ್ಟು, ಮರಳುತ್ತಿರುವವರಲ್ಲಿ ಡ್ರೋನು, ರೇಡಿಯೊ, ವಾಹನ ದುರಸ್ತಿ ಕಲಿತವರೆಷ್ಟು. ಹತ್ತರಗಿಯ ವೈಮಾನಿಕ ಬಿಡಿಭಾಗಗಳ ವಿಶೇಷ ವಲಯಕ್ಕೆ, ಉದ್ಯಮಬಾಗದ ಫೌಂಡ್ರಿಗಳಿಗೆ ಕೈ ಪಳಗಿದ, ಶಿಸ್ತು ಕಲಿತ ಹುಡುಗರು ಬೇಕು. ಪೊಲೀಸ್, ಅಗ್ನಿಶಾಮಕ, ಅರಣ್ಯ ಇಲಾಖೆಗಳಲ್ಲಿ ಹುದ್ದೆಗಳು ಖಾಲಿ ಇವೆ. ಮರಳುವ ಹುಡುಗರನ್ನೂ ಈ ಕೆಲಸಗಳನ್ನೂ ಕೂಡಿಸುವ ಹೊಣೆ ಯಾವ ಕಚೇರಿಯದು? ಸೈನಿಕ ಕಲ್ಯಾಣ ಇಲಾಖೆಯ ಬಾಗಿಲಿಗೆ ಹೋದರೆ ನೀನು ಮಾಜಿ ಸೈನಿಕನಲ್ಲ ಎನ್ನುತ್ತದೆ ನಿಯಮ. ಉದ್ಯೋಗ ವಿನಿಮಯ ಕಚೇರಿಗೆ ಹೋದರೆ ನಾಲ್ಕು ವರ್ಷದ ಬಂದೂಕಿನ ಅನುಭವವನ್ನು ಯಾವ ಕಲಮಿನಲ್ಲಿ ಬರೆಯುವುದೆಂದು ಗುಮಾಸ್ತನಿಗೂ ಗೊತ್ತಿಲ್ಲ. ಅಷ್ಟರೊಳಗೆ ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳು, ರಾಜಕಾರಣಿಗಳ ಹಿಂಬಾಲಕರ ಪಡೆಗಳು ಇವರನ್ನು ಮೊದಲು ತಲುಪುತ್ತವೆ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಇವರಿಗಾಗಿ ಒಂದು ಕೌಂಟರ್ ತೆರೆಯಲು ಹೊಸ ಕಾನೂನು ಬೇಡ, ದೆಹಲಿಯ ಅನುಮತಿಯೂ ಬೇಡ. ನವೆಂಬರಿನೊಳಗೆ ಅದನ್ನು ತೆರೆದು, ಹೆಸರು ನೋಂದಾಯಿಸಲು ಶುರು ಮಾಡಲಿ.